ತುವಾರೆಗ್ ಗಿಟಾರ್ ಸಂಗೀತವನ್ನು ಬೇರಿನಿಂದ ಕೇಳುವ ಬಗೆ

ಸಹಾರಾದ ತುವಾರೆಗ್ ಜನರ ಗಿಟಾರ್ ಸಂಗೀತವನ್ನು ಅರಿಯಬಯಸುವವರು ಮೊದಲು ಗಿಟಾರನ್ನು ಬದಿಗಿಟ್ಟು, ಆ ಸಮುದಾಯದ ಹೆಂಗಸರ ವಾದ್ಯಗಳನ್ನು ಕೇಳಬೇಕು. ಸೋರೆಬುರುಡೆಗೆ ಚರ್ಮ ಬಿಗಿದು, ಕುದುರೆಕೂದಲಿನ ಒಂದೇ ತಂತಿ ಕಟ್ಟಿ, ಕಮಾನಿನಿಂದ ನುಡಿಸುವ ಇಮ್ಜಾದ್ ಹೆಂಗಸರದೇ ವಾದ್ಯ. ಅಲ್ಜೀರಿಯಾ, ಮಾಲಿ ಮತ್ತು ನೈಜರ್‌ಗಳ ಈ ಪರಂಪರೆಯನ್ನು ಯುನೆಸ್ಕೊ 2013ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಅನಂತರ ಟೆಂಡೆ ಎಂಬ ಚರ್ಮವಾದ್ಯಕ್ಕೆ ಬನ್ನಿ. ಧಾನ್ಯ ಕುಟ್ಟುವ ಮರದ ಒರಳಿನ ಬಾಯಿಗೆ ಒದ್ದೆ ಆಡಿನ ಚರ್ಮ ಹೊದಿಸಿ, ಎರಡು ಪಕ್ಕಗಳಲ್ಲಿ ಒನಕೆಗಳನ್ನು ಕಟ್ಟಿ, ಅವುಗಳ ತುದಿಗಳಲ್ಲಿ ಹೆಂಗಸರು ಕುಳಿತು ತಮ್ಮ ಮೈಭಾರದಿಂದಲೇ ಚರ್ಮವನ್ನು ಬಿಗಿಗೊಳಿಸುತ್ತಾರೆ. ಒಬ್ಬಾಕೆ ಎತ್ತಿಕೊಂಡ ಸಾಲಿಗೆ ಉಳಿದವರೆಲ್ಲ ಸೇರಿ ಓಗೊಡುವ ರೀತಿಯನ್ನೂ ಚಪ್ಪಾಳೆಯ ಒತ್ತನ್ನೂ ಚೆನ್ನಾಗಿ ಕಿವಿಗೆ ತುಂಬಿಕೊಳ್ಳಿ, ಏಕೆಂದರೆ ಗಿಟಾರಿನ ಹಾಡುಗಳಲ್ಲಿ ಇವೆರಡೂ ಹಾಗೆಯೇ ಉಳಿದಿವೆ.

ಇನ್ನು ಇತಿಹಾಸ. ಮಾಲಿಯಲ್ಲಿ 1963ರ ಬಂಡಾಯವನ್ನು ಸೈನ್ಯ ಹತ್ತಿಕ್ಕಿದಾಗ ತಂದೆಯನ್ನು ಕಳೆದುಕೊಂಡ ಇಬ್ರಾಹಿಂ ಅಗ್ ಅಲ್ಹಬೀಬ್ ತಗಡಿನ ಡಬ್ಬಿ, ಕೋಲು ಮತ್ತು ಸೈಕಲ್ ಬ್ರೇಕಿನ ತಂತಿಯಿಂದ ತಮ್ಮ ಮೊದಲ ಗಿಟಾರ್ ಮಾಡಿಕೊಂಡರು. ಬರಗಾಲಕ್ಕೆ ಜಾನುವಾರು ಕಳೆದುಕೊಂಡು ಕೆಲಸ ಹುಡುಕುತ್ತ ಅಲ್ಜೀರಿಯಾ, ಲಿಬಿಯಾಗಳಿಗೆ ಹೋದ ಯುವಕರ ನಡುವೆ, 1970ರ ದಶಕದ ಕೊನೆಯಲ್ಲಿ, ಅವರ ತಿನಾರಿವೆನ್ ತಂಡ ಅಲ್ಜೀರಿಯಾದ ತಮನ್ರಸೆಟ್‌ನಲ್ಲಿ ರೂಪುಗೊಂಡಿತು. ಊರಿನ ಹಂಬಲವನ್ನೂ ಬಂಡಾಯದ ಮಾತನ್ನೂ ಹೊತ್ತ ಆ ಹಾಡುಗಳು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ ಗಡಿಗಳನ್ನು ದಾಟಿದವು. ಬಾನುಲಿಯ ನೆರವಿಲ್ಲದೆ ಹೀಗೆ ಹರಡಿದ್ದನ್ನು ಈ ಸಂಗೀತದ ಅತಿ ದೊಡ್ಡ ಸಾಧನೆಯೆಂದೇ ನಾನು ಎಣಿಸುತ್ತೇನೆ.

ಕೇಳುವಾಗ ತಿನಾರಿವೆನ್ ತಂಡವು ಮಾಲಿಯ ಕಿಡಾಲ್‌ನಲ್ಲಿ ಧ್ವನಿಮುದ್ರಿಸಿ 2001ರಲ್ಲಿ ಹೊರತಂದ ‘ದಿ ರೇಡಿಯೊ ಟಿಸ್ಡಾಸ್ ಸೆಷನ್ಸ್’ನಿಂದ ಆರಂಭಿಸಿ, ಗ್ರ್ಯಾಮಿ ಪಡೆದ 2011ರ ‘ತಸ್ಸಿಲಿ’ಗೆ ಹೋಗಿ. ಹೆಬ್ಬೆರಳು ದಪ್ಪ ತಂತಿಯನ್ನು ಮತ್ತೆ ಮತ್ತೆ ಮೀಟುತ್ತ ನಮ್ಮ ತಂಬೂರಿಯಂತೆ ಶ್ರುತಿ ಹಿಡಿದಿರುತ್ತದೆ. ಉಳಿದ ಬೆರಳುಗಳು ಐದು ಸ್ವರಗಳ ಆಸುಪಾಸಿನಲ್ಲೇ ರಾಗವನ್ನು ಬಿಡಿಸುತ್ತವೆ. ನುಡಿಸಲು ಕಲಿಯುವವರು ಹೆಬ್ಬೆರಳಿನ ಈ ನಡೆ ತಾನಾಗಿ ಸಾಗುವವರೆಗೆ ರಾಗಕ್ಕೆ ಕೈಹಾಕದಿರುವುದು ಲೇಸು.

ಆಮೇಲೆ ನೈಜರ್‌ನ ಕಡೆಗೆ ತಿರುಗಿ. ಟೆಂಡೆಯನ್ನೂ ಗಿಟಾರನ್ನೂ ಜೊತೆಗೂಡಿಸಿದ ‘ಲೆ ಫಿಯ್ ದ ಇಲಿಘಡಾಡ್’ ತಂಡದ ಫಾತೂ ಸೈದಿ ಘಾಲಿ, ಅಗಾದೆಜ್‌ನ ಬೊಂಬಿನೊ, ಮದುವೆಗಳಲ್ಲಿ ನುಡಿಸಿ ಹೆಸರಾದ ಎಡಗೈ ವಾದಕ ಎಂಡು ಮೊಕ್ತಾರ್, ಇವರನ್ನು ಇದೇ ಕ್ರಮದಲ್ಲಿ ಕೇಳಿದರೆ ಲಯ ಹೇಗೆ ಬಿರುಸಾಯಿತೆಂಬುದು ಸ್ಪಷ್ಟವಾಗುತ್ತದೆ. ಮೊಕ್ತಾರರ 2021ರ ‘ಆಫ್ರಿಕ್ ವಿಕ್ಟಿಮ್’ ಕೇಳುವಾಗ ಸಾಹಿತ್ಯದ ಅನುವಾದವನ್ನು ಎದುರಿಗಿಟ್ಟುಕೊಳ್ಳಿ: ವಸಾಹತುಶಾಹಿಯ ಮೇಲಿನ ಅವರ ಸಿಟ್ಟು ವಾದನದಲ್ಲಿರುವಷ್ಟೇ ಮಾತಿನಲ್ಲೂ ಇದೆ.