ಟ್ಯಾಕ್ಸ್ ನೀವೇ ಫೈಲ್ ಮಾಡ್ತೀರಾ, ಅಕೌಂಟೆಂಟ್‌ಗೆ ಕೊಡ್ತೀರಾ? ಮೈಸೂರು, ಮಂಡ್ಯದಿಂದ ಅಮೆರಿಕಕ್ಕೆ ಬಂದವರಿಗೆ

ಇಲ್ಲಿ ಸಂಬಳ ಎಷ್ಟು ಅನ್ನೋದು ಮುಖ್ಯ ಅಲ್ಲ. ಊರಲ್ಲಿ ನಿಮ್ಮ ಹೆಸರಲ್ಲಿ ಏನೇನಿದೆ, ಅದನ್ನು ಮೊದಲು ಬರೆದುಕೊಳ್ಳಿ.

ಏನೂ ಇಲ್ವಾ? ವರ್ಷಪೂರ್ತಿ ಇಲ್ಲೇ ಇದ್ದಿರಿ, ಒಂದೇ ಕಂಪನಿಯ ಡಬ್ಲ್ಯು-2 (ವರ್ಷದ ಸಂಬಳದ ಚೀಟಿ), ಇಲ್ಲಿನ ಬ್ಯಾಂಕಿನ ಚೂರುಪಾರು ಬಡ್ಡಿ, ಅಷ್ಟೇ ಅಂದರೆ ಸುಮ್ನೆ ಯಾರಿಗೋ ಯಾಕೆ ದುಡ್ಡು ಕೊಡಬೇಕು? ಸಾಫ್ಟ್‌ವೇರ್ ಕೇಳಿದ್ದನ್ನು ತುಂಬುತ್ತಾ ಹೋದರೆ ಒಂದು ಭಾನುವಾರ ಸಾಕು. ಓದಲು ಬಂದವರು ಮಾತ್ರ ಹುಷಾರು. ಎಫ್-1 ವೀಸಾದಲ್ಲಿ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ನಿಮ್ಮದು 1040-ಎನ್‌ಆರ್, ಅಂದರೆ ನಾನ್‌ರೆಸಿಡೆಂಟ್‌ಗಳ ರಿಟರ್ನ್ ಫಾರಂ. ಟರ್ಬೋಟ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ ಆ ಫಾರಂ ಇಲ್ಲ. ಭಾರತದ ಜೊತೆಗಿನ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ. ಅದನ್ನು ಬಿಡಬೇಡಿ.

ಜಾಸ್ತಿ ಜನ ಎಡವುವುದು ಊರಿನ ಲೆಕ್ಕದಲ್ಲಿ. ಟ್ಯಾಕ್ಸ್ ಲೆಕ್ಕಕ್ಕೆ ನೀವು ಇಲ್ಲಿನ ರೆಸಿಡೆಂಟ್ ಆದಮೇಲೆ ಜಗತ್ತಿನ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ಸರಸ್ವತಿಪುರಂ ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಅಲ್ಲಿ ತೆರಿಗೆಯೇ ಇಲ್ಲದ ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಬಡ್ಡಿ ಕೂಡ. ಮಂಡ್ಯ ಕಡೆಯವರು ಕೇಳಿ: ಕಬ್ಬಿನ ದುಡ್ಡಿಗೆ ಅಲ್ಲಿ ಇನ್‌ಕಂ ಟ್ಯಾಕ್ಸ್ ಇಲ್ಲ, ನಿಜ. ಗದ್ದೆ ನಿಮ್ಮದಾಗಿ ಲಾಭ ನಿಮಗೆ ಬರುತ್ತಿದ್ದರೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಇನ್ನು ಜಾಯಿಂಟ್ ಅಕೌಂಟ್. "ದುಡ್ಡೆಲ್ಲ ಅಪ್ಪಂದು, ನನ್ನ ಹೆಸರು ಸುಮ್ನೆ ಹಾಕ್ಸಿದ್ದು" ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಇಲ್ಲಿ ನಡೆಯಲ್ಲ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನೋ ಹೊರದೇಶದ ಖಾತೆಗಳ ವರದಿ ಕೊಡಬೇಕು, ಅಪ್ಪನ ಖಾತೆಯ ಪೂರ್ತಿ ಮೊತ್ತ ಬರೆದು. ಅದಕ್ಕೆ ಟ್ಯಾಕ್ಸೂ ಇಲ್ಲ, ಫೀಸೂ ಇಲ್ಲ. ಆನ್‌ಲೈನ್‌ನಲ್ಲಿ ನೀವೇ ಕೊಡಬಹುದು. ಕೊಡದಿದ್ದರೆ ಬೀಳುವ ದಂಡ ಮಾತ್ರ ಭಾರಿ.

ಇಂಥವು ಎರಡು ಮೂರಿದ್ದರೆ, ಅಥವಾ ವರ್ಷದ ನಡುವೆ ಬಂದಿದ್ದರೆ, ಮೊದಲ ವರ್ಷ ಅಕೌಂಟೆಂಟ್‌ಗೇ ಕೊಡಿ. ಊರಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿ ಓಡುತ್ತಿದ್ದರಂತೂ ಖಂಡಿತ. ಸಾಮಾನ್ಯವಾಗಿ ಒಂದೊಂದು ಫಂಡಿಗೂ ಹೊರದೇಶದ ಫಂಡಿನ ಲೆಕ್ಕ ಕೊಡುವ ಬೇರೆ ಬೇರೆ 8621 ಫಾರಂ. ಕೆಲವರು ಫಾರಂ ಎಣಿಸಿ ಫೀಸ್ ಹಾಕುತ್ತಾರೆ, ಮೊದಲೇ ಕೇಳಿಕೊಳ್ಳಿ.

ಮೈಸೂರಿನ ನಿಮ್ಮ ಮನೆ ಆಡಿಟರ್ ಎಷ್ಟೇ ಬುದ್ಧಿವಂತರಾಗಿರಲಿ, ಇದನ್ನು ಅವರ ತಲೆಗೆ ಕಟ್ಟಬೇಡಿ. ಅವರ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಬಾಡಿಗೆ, ಬಡ್ಡಿ, ಟಿಡಿಎಸ್ ಮೂರನ್ನೂ ತಿಂಗಳುವಾರು ಅವರಿಂದ ತರಿಸಿಕೊಂಡರೆ ಸಾಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳಬಹುದು.

ಸಿಪಿಎ (ಇಲ್ಲಿನ ಲೈಸೆನ್ಸ್ ಇರುವ ಅಕೌಂಟೆಂಟ್) ಅಥವಾ ಎನ್‌ರೋಲ್ಡ್ ಏಜೆಂಟ್ (ಇಲ್ಲಿನ ತೆರಿಗೆ ಇಲಾಖೆಯ ಮಾನ್ಯತೆ ಇರುವವರು), ಯಾರಾದರೂ ಆದೀತು, ಭಾರತದ ಆದಾಯ ನೋಡಿದ ಅನುಭವ ಇರಲಿ. "ರಿಫಂಡ್‌ನಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅಂದವರ ಸಹವಾಸ ಬೇಡ. ದುಡ್ಡು ತಗೊಂಡು ರಿಟರ್ನ್ ಮಾಡುವವರು ಅದಕ್ಕೆ ಸಹಿ ಹಾಕಿ ತೆರಿಗೆ ಇಲಾಖೆ ಕೊಟ್ಟ ತಮ್ಮ ಪಿಟಿಐಎನ್ ನಂಬರ್ ಬರೆಯಲೇಬೇಕು. ಬರೆಯಲ್ಲ ಅಂದರೆ ಎದ್ದು ಬನ್ನಿ.

ರಿಟರ್ನ್‌ನ ಗಡುವು ಏಪ್ರಿಲ್ 15. ಊರಿನ ಕಾಗದ ಅಷ್ಟರೊಳಗೆ ಕೈ ಸೇರದಿದ್ದರೆ ಹೆಚ್ಚು ಸಮಯ ಕೇಳುವ 4868 ಫಾರಂ ಹಾಕಿ, ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಅದು ಫೈಲ್ ಮಾಡಲು ಮಾತ್ರ. ಕಟ್ಟಬೇಕಾದ ದುಡ್ಡನ್ನು ಅಂದಾಜು ಹಾಕಿ ಏಪ್ರಿಲ್‌ನಲ್ಲೇ ಕಟ್ಟಿಬಿಡಿ.