ಕಾದಂಬರಿ, ಸಿನಿಮಾ ಪಕ್ಕಪಕ್ಕ: ನಾನು ಹೋಲಿಸುವ ಬಗೆ

ಕಾದಂಬರಿ ಸಿನಿಮಾ ಆದಾಗ ಏನೇನು ಬಿಟ್ಟುಹೋಯಿತು ಎಂದು ಪಟ್ಟಿ ಮಾಡುವುದು ಸುಲಭ. ಅದರಿಂದ ತಿಳಿಯುವುದು ಮಾತ್ರ ಕಡಿಮೆ. ಮುನ್ನೂರು ಪುಟ ಗಟ್ಟಿಯಾಗಿ ಓದಲು ಹತ್ತು ಗಂಟೆಯಾದರೂ ಬೇಕು. ಚಿತ್ರಕಥೆಯ ಲೆಕ್ಕ ಪುಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ, ಎರಡು ಗಂಟೆಯ ಚಿತ್ರಕ್ಕೆ ನೂರಿಪ್ಪತ್ತು ಪುಟ ಅಷ್ಟೇ. ಬಿಡದೆ ವಿಧಿಯಿಲ್ಲ. ಉಳಿಸಿಕೊಂಡದ್ದನ್ನು ಎಲ್ಲಿಗೆ ಸರಿಸಿದರು, ಯಾವುದರ ಜೊತೆ ಕೂಡಿಸಿದರು ಎಂಬಲ್ಲಿ ನಿರ್ದೇಶಕ ಆ ಪುಸ್ತಕವನ್ನು ಹೇಗೆ ಓದಿದ ಎನ್ನುವುದು ಕಾಣುತ್ತದೆ. ನನ್ನ ಕೋಷ್ಟಕ ಇರುವುದೇ ಅದನ್ನು ಹಿಡಿಯಲು.

ಮೊದಲು ಪುಸ್ತಕ ಓದಿ ಅಧ್ಯಾಯವಾರು ಒಂದೊಂದು ಸಾಲು ಬರೆದಿಡುತ್ತೇನೆ. ಚಿತ್ರವನ್ನು ಒಮ್ಮೆ ತಡೆಯಿಲ್ಲದೆ ನೋಡಿ, ಎರಡನೇ ಸಲ ದೃಶ್ಯಕ್ಕೊಂದು ಸಾಲಿನಂತೆ ನಿಲ್ಲಿಸಿ ನಿಲ್ಲಿಸಿ ಬರೆಯುತ್ತೇನೆ. ಜಾಗ ಅಥವಾ ಹೊತ್ತು ಬದಲಾದರೆ ಹೊಸ ದೃಶ್ಯ ಎಂದು ಲೆಕ್ಕ. ಪ್ರತಿ ಸಾಲಿಗೂ ದೃಶ್ಯದ ಸಂಖ್ಯೆ, ಯಾರು ಯಾರು ಇದ್ದಾರೆ, ಪುಸ್ತಕದ ಪುಟ, ಕೊನೆಗೆ ಒಂದು ಗುರುತು: ಉಳಿದದ್ದು, ಸರಿದದ್ದು, ಕೂಡಿಸಿದ್ದು, ಹೊಸದು. 'ಯಾರಿದ್ದಾರೆ' ಅನ್ನುವ ಕಾಲಮ್ ಬಿಡಬೇಡಿ. ಮಾತು ಅದೇ ಉಳಿದು, ಕೇಳಿಸಿಕೊಳ್ಳುವವರು ಬದಲಾದ ದೃಶ್ಯಗಳು ಅಲ್ಲೇ ಸಿಕ್ಕಿಬೀಳುವುದು.

ನಿಮಿಷ-ಸೆಕೆಂಡು ಬರೆದುಕೊಂಡರೂ ಅದನ್ನೇ ನಂಬಿ ಕೂರಬಾರದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪಾಲ್ (ಭಾರತ, ಯುರೋಪುಗಳ ಟಿವಿ ಪದ್ಧತಿ) ಡಿವಿಡಿಗೆ ಹಾಕುವಾಗ 25ರ ವೇಗದಲ್ಲಿ ಓಡಿಸುತ್ತಾರೆ. 125 ನಿಮಿಷದ್ದು 120ಕ್ಕೆ ಮುಗಿಯುತ್ತದೆ. ಬೇರೆ ಪ್ರತಿ ಇಟ್ಟುಕೊಂಡವರ ಜೊತೆ ಸಮಯ ತಾಳೆಯಾಗದಿದ್ದರೆ ದೃಶ್ಯ ಕತ್ತರಿಸಿದ್ದಾರೆ ಎಂದು ಹಾರಾಡುವ ಮೊದಲು ಇದನ್ನು ನೋಡಿ. ಸಬ್‌ಟೈಟಲ್ ಹಿಡಿದು ಸಂಭಾಷಣೆಯ ತೂಕ ಹೇಳುವುದೂ ಬೇಡ. ಕಣ್ಣು ಓದಿ ಮುಗಿಸಬೇಕಲ್ಲ ಎಂದು ಅಲ್ಲಿ ಮಾತನ್ನು ಮೊಟಕು ಮಾಡಿರುತ್ತಾರೆ.

ಈ ಕೋಷ್ಟಕ ಚೆನ್ನಾಗಿ ಕೆಲಸ ಮಾಡುವುದು 'ಪಥೇರ್ ಪಾಂಚಾಲಿ'ಯಲ್ಲಿ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿ 1929ರದು, ಸತ್ಯಜಿತ್ ರಾಯ್ ಚಿತ್ರ 1955ರದು. ಹಳ್ಳಿಯ ಬಡವ ಹರಿಹರ, ಹೆಂಡತಿ ಸರ್ಬಜಯಾ, ಮಕ್ಕಳು ದುರ್ಗಾ ಮತ್ತು ಅಪು, ಮನೆಯಲ್ಲಿರುವ ಮುದುಕಿ ನೆಂಟಳು ಇಂದಿರ್: ಕತೆ ಇವರದು. ಪುಸ್ತಕದಲ್ಲಿ ಇಂದಿರ್ ಮೊದಲ ಭಾಗದಲ್ಲೇ ತೀರಿಕೊಳ್ಳುತ್ತಾಳೆ. ಅಪು ಆಗಿನ್ನೂ ಕೈಗೂಸು. ರೈಲಿನ ಪ್ರಸಂಗ ಬರುವುದು ಎಷ್ಟೋ ಮುಂದೆ: ಕಳೆದುಹೋದ ಕರು ಹುಡುಕಲು ಹೊರಟ ದುರ್ಗಾ ಮತ್ತು ಅಪು ರೈಲುಹಳಿ ನೋಡುವ ಆಸೆಗೆ ಓಡುತ್ತಾರೆ, ದಾರಿ ತಪ್ಪುತ್ತಾರೆ, ರೈಲು ಕಾಣುವುದಿಲ್ಲ. ರಾಯ್ ಇಂದಿರಳನ್ನು ಅಪು ಶಾಲೆಗೆ ಹೋಗುವ ವಯಸ್ಸಿನವರೆಗೂ ಬದುಕಿಸಿಡುತ್ತಾರೆ. ಹುಲ್ಲಿನ ಬಿಳಿ ಹೂವಿನ ನಡುವೆ ಮಕ್ಕಳಿಗೆ ರೈಲು ತೋರಿಸುತ್ತಾರೆ. ಮನೆಯತ್ತ ಬರುವಾಗ ಬಿದಿರುಮೆಳೆಯಲ್ಲಿ ಕೂತ ಮುದುಕಿಯನ್ನು ದುರ್ಗಾ ಅಲುಗಾಡಿಸಿದರೆ ಅವಳು ಉರುಳಿಬೀಳುತ್ತಾಳೆ. ಪುಸ್ತಕದಲ್ಲಿ ವರ್ಷಗಳ ಅಂತರದಲ್ಲಿದ್ದ ಎರಡು ಸಂಗತಿ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮಕ್ಕಳಿಗೆ ಸಂಬಂಧವೇ ಇರದಿದ್ದ ಸಾವು ಅವರ ಕೈಗೇ ತಗುಲುತ್ತದೆ. 'ಪುಸ್ತಕದಲ್ಲೂ ಮುದುಕಿ ಸಾಯುತ್ತಾಳೆ, ಚಿತ್ರದಲ್ಲೂ ಸಾಯುತ್ತಾಳೆ' ಎಂದು ಟಿಕ್ ಹಾಕಿ ಮುಂದೆ ಹೋದವರಿಗೆ ಇದು ದಕ್ಕುವುದಿಲ್ಲ.

ಕಳವಿನ ವಿಷಯವೂ ಹಾಗೇ. ಪುಸ್ತಕದಲ್ಲಿ ದುರ್ಗಾಳ ಮೇಲೆ ಬರುವ ಆರೋಪ ಎರಡು: ಒಮ್ಮೆ ಮಣಿಸರ, ಆಮೇಲೆ ಚಿನ್ನದ ಪುಟ್ಟ ಕರಡಿಗೆ. ಊರು ಬಿಡುವಾಗ ಅಪು ಕೈಗೆ ಸಿಗುವುದು ಕರಡಿಗೆ. ಅದನ್ನು ಬಿದಿರುಮೆಳೆಗೆ ಎಸೆಯುತ್ತಾನೆ. ಚಿತ್ರದಲ್ಲಿ ಸರ ಒಂದೇ ಸಾಕಾಗಿದೆ, ಎಸೆಯುವುದು ಕೆರೆಗೆ. ಸರ ಮುಳುಗಿದ ಮೇಲೆ ಪಾಚಿ ಮತ್ತೆ ಕೂಡಿಕೊಳ್ಳುತ್ತದೆ. ಬಿದಿರುಮೆಳೆ ಹಾಗೆ ಮುಚ್ಚಿಕೊಳ್ಳುತ್ತಿರಲಿಲ್ಲ.

ಸದ್ದಿಗೆ ಬೇರೆ ಕಾಲಮ್ ಇಡುತ್ತೇನೆ. ಹರಿಹರ ಮಗಳಿಗೆ ಸೀರೆ ತಂದು ಮನೆಗೆ ಬರುವ ದೃಶ್ಯದಲ್ಲಿ, ದುರ್ಗಾ ಇಲ್ಲ ಎಂಬುದನ್ನು ಪುಸ್ತಕದ ಸರ್ಬಜಯಾ ಬಾಯಿಬಿಟ್ಟು ಹೇಳಿ ಅಳುತ್ತಾಳೆ. ಚಿತ್ರದಲ್ಲಿ ಬಾಯಿ ತೆರೆಯುತ್ತದೆ, ಕೇಳಿಸುವುದು ಅವಳ ದನಿಯಲ್ಲ, ತಾರ್ ಶಹನಾಯಿ ಎಂಬ ತಂತಿವಾದ್ಯದಲ್ಲಿ ನುಡಿಸಿದ ಪಟದೀಪ್ ರಾಗ. ಸಂಭಾಷಣೆ ಮಾತ್ರ ಹೋಲಿಸುತ್ತಾ ಕೂತರೆ ಈ ಸಾಲಿನ ಎದುರು 'ಬಿಟ್ಟಿದ್ದಾರೆ' ಎಂದು ಬರೆದುಬಿಡುತ್ತೇವೆ. ಕಾರಂತರ 'ಚೋಮನ ದುಡಿ' (1933) ಮತ್ತು 1975ರ ಚಿತ್ರಕ್ಕೂ ಈ ಕಾಲಮ್ ಬೇಕೇ ಬೇಕು. ಪುಟದಲ್ಲಿ ಓದಿ ಊಹಿಸಿಕೊಳ್ಳುವ ದುಡಿ ಅಲ್ಲಿ ಕಿವಿಗೇ ಬಡಿಯುತ್ತದೆ.

ಅತಿ ಕಷ್ಟದ ಕಾಲಮ್ ಅಂತರಂಗದ್ದು. 'ಸಂಸ್ಕಾರ' (ಕಾದಂಬರಿ 1965, ಚಿತ್ರ 1970) ತೆಗೆದುಕೊಳ್ಳಿ. ಪ್ರಾಣೇಶಾಚಾರ್ಯರು ಯೋಚಿಸುವ ಪ್ರತಿ ಪುಟದ ಎದುರು, ಚಿತ್ರ ಅದಕ್ಕೆ ಏನು ಕೊಟ್ಟಿದೆ ಎಂದು ಗುರುತು ಹಾಕಬೇಕು: ಮುಖವೋ, ಜಾಗವೋ, ಇನ್ನೊಬ್ಬರ ಮಾತೋ, ಏನೂ ಇಲ್ಲವೋ. ಮೂರನೇ ಭಾಗದಲ್ಲಿ ಅನಂತಮೂರ್ತಿಯವರೇ ಮಾಲೇರ ಪುಟ್ಟನನ್ನು ಜೊತೆಗೆ ಕಳಿಸಿದ್ದಾರೆ. ವಾಚಾಳಿ ಪುಟ್ಟ, ಮೇಳಿಗೆಯ ಜಾತ್ರೆ, ಕೋಳಿ ಅಂಕ, ಸೂತಕದಲ್ಲಿ ದೇವಸ್ಥಾನದ ಊಟ: ಕಣ್ಣಿಗೆ ಕಾಣುವ ಸರಕು ಧಾರಾಳ. ಚಿತ್ರಕಥೆ ಬರೆದ ಗಿರೀಶ ಕಾರ್ನಾಡರಿಗೆ ಹೆಚ್ಚು ತೊಂದರೆ ಕೊಟ್ಟಿರಬೇಕಾದದ್ದು ಇದಲ್ಲ, ಆಚಾರ್ಯರು ಅಗ್ರಹಾರ ಬಿಟ್ಟು ಒಬ್ಬರೇ ನಡೆಯುವ ಪುಟಗಳು ಎಂದು ನನ್ನ ಅಂದಾಜು.

ಕೋಷ್ಟಕ ಕೈಕೊಡುವುದು ಮೂಲ ಒಂದಕ್ಕಿಂತ ಹೆಚ್ಚಿದ್ದಾಗ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿ ಆಧಾರ: ಅದೇ ಹೆಸರಿನದು, 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಒಂದನ್ನೇ ಓದಿ ಕೂತರೆ ಅರ್ಧ ಚಿತ್ರ 'ಹೊಸದು' ಎಂದು ಕಾಣುತ್ತದೆ. ಪುಟಸಂಖ್ಯೆಗೆ ಮೂರು ಕಾಲಮ್ ಹಾಕಿಕೊಳ್ಳಬೇಕು.

ಇದಕ್ಕೆ ತಿರುವುಮುರುವು, ಒಂದು ಕಾದಂಬರಿ ಎರಡು ಚಿತ್ರಕ್ಕೆ ಹಂಚಿಹೋಗುವುದು. 'ಪಥೇರ್ ಪಾಂಚಾಲಿ' ಚಿತ್ರ ಕುಟುಂಬ ತನ್ನ ಹಳ್ಳಿ ನಿಶ್ಚಿಂದಿಪುರ ಬಿಡುವಲ್ಲಿಗೆ ನಿಲ್ಲುತ್ತದೆ. ಪುಸ್ತಕದ ಕಾಶಿಯ ಭಾಗ ರಾಯ್ ಅವರದೇ ಮುಂದಿನ ಚಿತ್ರ, 1956ರ 'ಅಪರಾಜಿತೋ'ಗೆ ಹೋಗಿದೆ. ಆ ಅಧ್ಯಾಯಗಳ ಎದುರು 'ಬಿಟ್ಟದ್ದು' ಎಂದು ಹಾಕದೆ 'ಮುಂದಿನ ಚಿತ್ರ' ಎಂದೇ ಬರೆಯುತ್ತೇನೆ. ಕೆಲಸಕ್ಕೆ ಕೂರುವ ಮೊದಲು ಪುಸ್ತಕದ ಪ್ರತಿಯನ್ನೂ ನೋಡಿಕೊಳ್ಳಿ: ಈ ಕಾದಂಬರಿಗೆ ಮಕ್ಕಳಿಗಾಗಿ ಮಾಡಿದ ಸಂಗ್ರಹ ರೂಪವೂ ಇದೆ, ಅದಕ್ಕೆ ಚಿತ್ರ ಬರೆದವರು ಸ್ವತಃ ರಾಯ್.