ಮನೆಯಲ್ಲಿ ಕಟ್ಟುವ ಆಂಪ್ಲಿಫೈಯರ್‌ಗೆ ಯಾವ ರೆಸಿಸ್ಟರ್, ಎಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಬರೀ ‘22 ಕೆ (ಕಿಲೋ ಓಂ) ಕೊಡಿ’ ಅಂದರೆ ಕೈಗೆ ಬರುವುದು ಹೆಚ್ಚಾಗಿ ಕಾಲು ವಾಟ್‌ನ ಕಾರ್ಬನ್ ಫಿಲ್ಮ್: ತಿಳಿಕಂದು ಮೈ, ನಾಲ್ಕು ಪಟ್ಟಿ, ಕೊನೆಯದು ಚಿನ್ನದ ಬಣ್ಣ, ಅಂದರೆ 5% ಅತ್ತಿತ್ತ ಇರಬಹುದು. ‘ಮೆಟಲ್ ಫಿಲ್ಮ್, ಒನ್ ಪರ್ಸೆಂಟ್’ ಎಂದು ಬಿಡಿಸಿ ಕೇಳಬೇಕು. ಮೈ ನೀಲಿಯಾಗಿದೆ ಅಂತಲೇ ನಂಬುವುದಿಲ್ಲ. ಒಂದು 100 ಕೆ ತೆಗೆದು ಮಲ್ಟಿಮೀಟರ್‌ಗೆ ಸಿಕ್ಕಿಸಿ, ಕಾದ ಸೋಲ್ಡರಿಂಗ್ ಐರನ್ನನ್ನು ಅದರ ಕಾಲಿಗೆ, ಮೈ ಪಕ್ಕದಲ್ಲೇ, ಹತ್ತು ಸೆಕೆಂಡ್ ಹಿಡಿಯುತ್ತೇನೆ. ಕಾರ್ಬನ್ ಫಿಲ್ಮ್ ಆದರೆ ಪ್ರತಿರೋಧ 2ರಿಂದ 4 ಕೆ ಇಳಿಯುತ್ತದೆ. ಮೆಟಲ್ ಫಿಲ್ಮ್ ಆದರೆ ಹೆಚ್ಚೆಂದರೆ ಒಂದು ಕೆ ಅತ್ತಿತ್ತ.

ಐದು ಪಟ್ಟಿಯವನ್ನು ಕಣ್ಣಳತೆಯಲ್ಲಿ ಹಾಕಲೇಬಾರದು. ಕಂದು-ಕಪ್ಪು-ಕಪ್ಪು-ಕೆಂಪು-ಕಂದು ಅಂದರೆ 10 ಕೆ; ಅದನ್ನೇ ತಿರುಗಿಸಿ ಓದಿದರೆ 120 ಓಂ. ಎರಡೂ ಅಂಗಡಿಯಲ್ಲಿ ನಿಜವಾಗಿ ಸಿಗುವ ಅಳತೆಗಳೇ. ಅದಕ್ಕೇ ಪ್ರತಿಯೊಂದನ್ನೂ ಅಳೆದೇ ಬೋರ್ಡಿಗೆ ಹಾಕುತ್ತೇನೆ.

ಮೆಟಲ್ ಫಿಲ್ಮ್ ನಿಜಕ್ಕೂ ಬೇಕಾಗುವುದು ಇನ್‌ಪುಟ್ ಹಂತಕ್ಕೆ ಮತ್ತು ಫೀಡ್‌ಬ್ಯಾಕ್‌ಗೆ, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ನಿಗದಿ ಮಾಡುವ ಜೋಡಿಗೆ. ಟಿಡಿಎ 2030 ಎಂಬ ಆಂಪ್ಲಿಫೈಯರ್ ಐಸಿಯಲ್ಲಿ 22 ಕೆ ಮತ್ತು 680 ಓಂ ಸೇರಿ ಗೇನ್ ಸುಮಾರು 33. ಇಲ್ಲಿ 5% ಬಳಸಿದರೆ ಎಡ-ಬಲ ಚಾನೆಲ್‌ಗಳ ಗೇನ್ ಬೇರೆಬೇರೆಯಾಗುತ್ತದೆ. ಗುಂಯ್‌ಗುಡುವ ಹಮ್ ಬೇರೆ, ಸುಯ್ ಎನ್ನುವ ಹಿಸ್ ಬೇರೆ. ಹಮ್‌ಗೆ ಗ್ರೌಂಡ್ ವೈರಿಂಗ್ ನೋಡಿ, ರೆಸಿಸ್ಟರ್ ಬದಲಿಸಿ ಫಲವಿಲ್ಲ. ಹಿಸ್‌ನಲ್ಲಿ ಒಂದು ಪಾಲು ಎಲ್ಲ ಜಾತಿಯ ರೆಸಿಸ್ಟರ್‌ಗಳಿಗೂ ಸಮ, ಅದು ಎಷ್ಟು ಓಂ ಎಂಬುದರ ಮೇಲೆ ನಿಂತಿದೆ: 22 ಕೆ/680 ಬದಲು 220 ಕೆ/6.8 ಕೆ ಹಾಕಿದರೆ ಗೇನ್ ಅಷ್ಟೇ, ಆದರೆ ಆ ಜೋಡಿಯ ಹಿಸ್ ಮೂರು ಪಟ್ಟು. ಕಾರ್ಬನ್ ಇದರ ಮೇಲೆ ತನ್ನದೊಂದು ಸದ್ದು ಸೇರಿಸುತ್ತದೆ. ಅದರ ಮೇಲೆ ಡಿಸಿ ವೋಲ್ಟೇಜ್ ಹೆಚ್ಚಿದ್ದಷ್ಟೂ ಆ ಸದ್ದು ಹೆಚ್ಚು. ಎಲ್‌ಇಡಿಗೆ ಸರಣಿಯಲ್ಲಿ, ಕೆಪಾಸಿಟರ್ ಖಾಲಿ ಮಾಡುವ ಕಡೆ ಕಾರ್ಬನ್ ಧಾರಾಳವಾಗಿ ಸಾಕು.

ಬಿಸಿಯಾಗುವ ಜಾಗದಲ್ಲಿ ಲೆಕ್ಕ ಹಾಕಿ, ಬಂದ ವಾಟ್‌ನ ಎರಡು ಪಟ್ಟಿನದ್ದು ತರುತ್ತೇನೆ. 35 ವೋಲ್ಟ್‌ನಿಂದ ಪ್ರೀಆಂಪ್‌ಗೆ 15 ವೋಲ್ಟ್ ಇಳಿಸುವಾಗ 20 ಮಿಲಿಆಂಪ್‌ಗೆ 1 ಕೆ ಬೇಕು, ಸುಡುವುದು 0.4 ವಾಟ್, ಹಾಗಾಗಿ 1 ವಾಟ್‌ನದ್ದು. ಐಸಿ ಬದಲು ಬಿಡಿ ಟ್ರಾನ್ಸಿಸ್ಟರ್‌ಗಳ ಆಂಪ್ ಆದರೆ, ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ಕಾಲಿಗೆ 0.22 ಓಂ, 5 ವಾಟ್ ಸಿಮೆಂಟ್ ರೆಸಿಸ್ಟರ್. ಒಳಗೆ ಸುತ್ತಿದ ತಂತಿಯಿದ್ದರೂ ಇಲ್ಲಿ ತೊಂದರೆ ಕಂಡಿಲ್ಲ. ಬೋರ್ಡಿಗೆ ಅಂಟಿಸದೆ ಅರ್ಧ ಸೆಂಟಿಮೀಟರ್ ಎತ್ತಿ ಕೂರಿಸಿ, ಇಲ್ಲದಿದ್ದರೆ ಬೋರ್ಡ್ ಕಪ್ಪಾಗಿ ತಾಮ್ರದ ಗೆರೆ ಏಳುತ್ತದೆ. ಈ 0.22 ಓಂ ಅನ್ನು ಮಲ್ಟಿಮೀಟರ್‌ನ ಓಂನಲ್ಲಿ ಅಳೆಯಲಾಗದು, ವೈರುಗಳ ಪ್ರತಿರೋಧವೇ ಅದಕ್ಕಿಂತ ಹೆಚ್ಚಿರಬಹುದು. 1 ಆಂಪಿಯರ್ ಕರೆಂಟ್ ಹರಿಸಿ ವೋಲ್ಟೇಜ್ ನೋಡಿ: 220 ಮಿಲಿವೋಲ್ಟ್ ಬರಬೇಕು.

ಸಿಮೆಂಟ್ ಸಲ್ಲದ ಜಾಗ ಔಟ್‌ಪುಟ್‌ನ ಜೋಬೆಲ್, ಅಂದರೆ 0.1 ಮೈಕ್ರೋಫ್ಯಾರಡ್ ಜತೆಗಿನ 10 ಓಂ. ಅದರ ಕೆಲಸವೇ ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಂಪ್ ತಾನಾಗಿ ಕಂಪಿಸದಂತೆ ಹಿಡಿಯುವುದು; ಸುತ್ತಿದ ತಂತಿಯ ಇಂಡಕ್ಟನ್ಸ್ ಅದನ್ನು ಕೆಡಿಸುತ್ತದೆ. 2 ವಾಟ್ ಮೆಟಲ್ ಆಕ್ಸೈಡ್ ಹಾಕಿ. ಇದು ಸುಟ್ಟಿದ್ದರೆ ಬದಲಿಸಿ ಸುಮ್ಮನಾಗಬೇಡಿ. ಹೆಚ್ಚಾಗಿ ಆಂಪ್ ಕಿವಿಗೆ ಕೇಳದಂತೆ ಕಂಪಿಸುತ್ತಿದೆ ಎಂದು ಅರ್ಥ.

ಮೊದಲ ಸಲ ಕರೆಂಟ್ ಕೊಡುವಾಗ ಸ್ಪೀಕರ್ ಜೋಡಿಸದೆ, ಮೇನ್ಸ್‌ಗೆ ಸರಣಿಯಲ್ಲಿ 60 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಹಾಕುತ್ತೇನೆ. ಒಮ್ಮೆ ಮಿನುಗಿ ಮಂಕಾದರೆ ಸರಿ; ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಬಯಾಸ್ (ಹಾಡು ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಕರೆಂಟ್) ಹೊಂದಿಸುವ ಮುನ್ನ ಬಲ್ಬ್ ತೆಗೆಯಬೇಕು, ಅದಿದ್ದಾಗ ವೋಲ್ಟೇಜ್ ಕಡಿಮೆ ಇರುತ್ತದೆ. ಸರ್ಕ್ಯೂಟ್ 100 ಮಿಲಿಆಂಪ್ ಕೇಳಿದರೆ ಆ 0.22 ಓಂ ಮೇಲೆ 22 ಮಿಲಿವೋಲ್ಟ್. ಹೀಟ್‌ಸಿಂಕ್ ಬಿಸಿಯಾಗಲು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಅಳೆದು ಹೊಂದಿಸಿ.